ಅವ್ವನ ಬದುಕನ್ನು ಬರೆದಿಡುವವರಿಗೆ: ಮೊದಲ ಪುಣ್ಯಸ್ಮರಣೆಯೊಳಗೆ ಒಂದು ಪುಸ್ತಿಕೆ

ನಮ್ಮವ್ವ ತೀರಿಕೊಂಡ ಮರುದಿನ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಕುಷ್ಟಗಿಗೆ ಹೋದೆ. ಅಂಗಡಿಯ ಹುಡುಗ ಕೇಳಿದ ಮೊದಲ ಮಾತು, "ಹುಟ್ಟಿದ್ ತಾರೀಕು ಏನ್ ಹಾಕ್ಲಿರಿ?" ಆಧಾರ್ ಕಾರ್ಡಿನಲ್ಲಿ 1-1-1951 ಅಂತಿತ್ತು. ಅದು ನಿಜವಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ನಿಜವಾದದ್ದು ಯಾವುದೆಂದು ನಾವು ಆರು ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಜಾಗ ಖಾಲಿ ಬಿಡಿಸಿ, ಉಳಿದ ಕಡೆ ಎಲ್ಲರೂ ಹಾಕಿಸುವಂತೆ "ತ್ಯಾಗಮಯಿ, ಸಹನಾಮೂರ್ತಿ" ಎಂದು ಹಾಕಿಸಿ ತಂದೆ.

ಊರ ಅಗಸಿಯಲ್ಲಿ ಅದನ್ನು ಕಟ್ಟಿ ನಿಂತು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಫೋಟೋ ಬದಲಿಸಿದರೆ ಅದು ಯಾರ ಅವ್ವನ ಫ್ಲೆಕ್ಸಾದರೂ ಆಗುತ್ತಿತ್ತು. ಎಂಟು ಹೆತ್ತು, ಆರು ಮಕ್ಕಳನ್ನು ಉಳಿಸಿಕೊಂಡು, ಹದಿನಾಲ್ಕು ಮೊಮ್ಮಕ್ಕಳ ಬಾಣಂತನ ಮಾಡಿದವಳ ಬಗ್ಗೆ ನಮಗೆ ಗೊತ್ತಿದ್ದದ್ದು ಎರಡು ಪದ. ಮುಂದಿನ ಶ್ರಾವಣದ ಪುಣ್ಯಸ್ಮರಣೆಯೊಳಗೆ ಅವಳ ಬಗ್ಗೆ 32 ಪುಟದ ಪುಸ್ತಿಕೆ ಮಾಡಿದೆವು. ಮಾಡಿದ್ದು ಹೇಗೆ, ಮೊದಲೇ ಮಾಡಬೇಕಿದ್ದದ್ದು ಏನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅವ್ವ ಅಥವಾ ಅಜ್ಜಿ ಇನ್ನೂ ಇದ್ದರೆ ನಿಮಗೆ ಅರ್ಧ ಕೆಲಸ ಸುಲಭ. ಇವತ್ತೇ ಅವಳ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳಿ.

ಮೊದಲ ದಿನಗಳಲ್ಲಿ ಏನನ್ನೂ ಎತ್ತಿಡಬೇಡಿ

ದಿನಕರ್ಮ ಮುಗಿಯುವವರೆಗೆ ಬರೆಯಲು ಕೂಡುವುದು ಯಾರಿಂದಲೂ ಆಗದು. ಆದರೆ ಮೂರು ಕೆಲಸ ತಡವಾದರೆ ಕೈತಪ್ಪಿ ಹೋಗುತ್ತವೆ.

ಅವಳ ಫೋನನ್ನು ಯಾರಿಗೂ ಕೊಡಬೇಡಿ, ಅದರಲ್ಲಿರುವುದನ್ನು ಅಳಿಸಬೇಡಿ. ನಮ್ಮವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಮೊಮ್ಮಗಳು ಕಲಿಸಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ದನಿ ಕಳಿಸುತ್ತಿದ್ದಳು. "ಉಂಡ್ಯಾ? ಇವತ್ತ ಇಲ್ಲಿ ಮಳಿ ಬಂತು ನೋಡು," ಅಷ್ಟೇ. ಬೆಂಗಳೂರಿನಲ್ಲಿದ್ದ ತಮ್ಮ ಅಷ್ಟರಲ್ಲಿ ಫೋನ್ ಬದಲಿಸಿದ್ದರಿಂದ ಅವ್ವನ ಎರಡು ವರ್ಷದ ದನಿ ಹೋಯಿತು. ಉಳಿದವರ ಫೋನುಗಳಲ್ಲಿ ಹುಡುಕಿದಾಗ 43 ಸಿಕ್ಕವು. ಪ್ರತಿಯೊಂದನ್ನೂ ಹೊರಗೆ ಉಳಿಸಿ, ತಾರೀಕು ಮತ್ತು ಯಾರಿಗೆ ಕಳಿಸಿದ್ದು ಎಂದು ಹೆಸರಿಟ್ಟು ಇಡಿ.

ಎರಡನೆಯದು, ಮನೆಯನ್ನು ಅವಳು ಇಟ್ಟ ಹಾಗೆಯೇ ಫೋಟೋ ತೆಗೆಯುವುದು. ಡಬ್ಬಿಗಳ ಸಾಲು, ಜಗಲಿಯ ಮೇಲಿನ ದೇವರು, ಎಲೆಯಡಿಕೆ ಚೀಲ ಸಿಕ್ಕಿಸುತ್ತಿದ್ದ ಮೊಳೆ, ಮಲಗುವ ಜಾಗದ ತಲೆದೆಸೆಯಲ್ಲಿ ಇದ್ದದ್ದು. ಸುಣ್ಣ ಬಳಿದು ಸಾರಿಸಿದ ಮೇಲೆ ಅದು ಮತ್ತೆ ಸಿಗುವುದಿಲ್ಲ. ಪೆಟ್ಟಿಗೆ ತೆರೆಯುವ ದಿನ ಹೆಣ್ಣುಮಕ್ಕಳೆಲ್ಲ ಇರಲಿ. ಸೀರೆ ಹಂಚಿಕೊಳ್ಳುವ ಮುಂಚೆ ಒಂದೊಂದನ್ನೂ ಬಿಡಿಸಿ ಫೋಟೋ ತೆಗೆದು, ಯಾವ ಸೀರೆ ಯಾವಾಗಿನದು, ಯಾರು ಉಡಿಸಿದ್ದು ಎಂದು ಅಲ್ಲೇ ಹೇಳಿಸಿಕೊಳ್ಳಿ.

ಮೂರನೆಯದು ಕಾಗದದ ಕೆಲಸ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಮೇಲೆ ದಂಡ, ಅನುಮತಿ ಎಂದು ಅಲೆದಾಟ ಹೆಚ್ಚು. ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ ಪಹಣಿ ಮತ್ತು ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಬಂದಿದೆಯೇ ನೋಡಿಕೊಳ್ಳಿ.

ಯಾರನ್ನು ಕೇಳಬೇಕು

ಎಲ್ಲರಿಗಿಂತ ಹಿರಿಯರನ್ನು ಮೊದಲು ಕೇಳಿ, ಬೇಕಾದರೆ ಅವರ ಊರಿಗೇ ಹೋಗಿ. ಮಕ್ಕಳಾದ ನಮಗೆ ಅವ್ವ ತಾಯಾದ ಮೇಲಿನ ಕಥೆ ಮಾತ್ರ ಗೊತ್ತು. ಅವಳು ಹುಡುಗಿಯಾಗಿದ್ದಾಗ ಹೇಗಿದ್ದಳೆಂದು ಹೇಳುವವರು ತವರಿನಲ್ಲಿ ಒಬ್ಬಿಬ್ಬರು ಉಳಿದಿರುತ್ತಾರೆ. ಆಮೇಲೆ ನೆಗೆಣ್ಣಿ, ನಾದಿನಿ. ಆಮೇಲೆ ಜೊತೆಗೆ ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋದವರು. ನಮ್ಮ ಓಣಿಗೆ ಬರುವ ಬಳೆಗಾರ ಅವ್ವನ ಕೈಯಳತೆಯನ್ನು ನಾವು ಕೇಳುವ ಮುಂಚೆಯೇ ಹೇಳಿ ಕಣ್ಣೊರೆಸಿಕೊಂಡ. ಅಂಥವರನ್ನು ಬಿಡಬೇಡಿ.

"ಅವ್ವನ ಬಗ್ಗೆ ಹೇಳ್ರಿ" ಎಂದು ಕೇಳಿದರೆ "ಏನ್ ಹೇಳ್ಲೆಪಾ, ಭಾಳ ಒಳ್ಳೇಕಿ ಇದ್ಲು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೈಗೆ ಕೆಲಸ ಕೊಟ್ಟು ಕೇಳಿ. ಯಲಬುರ್ಗಾ ಕಡೆಯ ಹಳ್ಳಿಯಲ್ಲಿರುವ ನಮ್ಮ ದೊಡ್ಡವ್ವ ಮೊದಲ ದಿನ ಏನೂ ಹೇಳಲಿಲ್ಲ. ಮರುದಿನ ಅವಳ ಮುಂದೆ ಶೇಂಗಾ ಸುರುವಿಕೊಂಡು ನಾನೂ ಸುಲಿಯಲು ಕುಳಿತೆ. ಅರ್ಧ ಮೊರ ತುಂಬುವ ಹೊತ್ತಿಗೆ ತಾನಾಗಿಯೇ ಶುರುಮಾಡಿದಳು: "ಗಂಡನ ಮನಿಗೆ ಹೋದ ದಿನಾ ಒಲಿ ಹೊಗಿ ತಡಿಲಾರ್ದ ಹಿತ್ತಲಕ್ಕ ಹೋಗಿ ಅತ್ತಿದ್ಲಂತ. ಅವರ ಮನ್ಯಾಗ ಹೊಗಿ ಹೋಗಾಕ ಕಿಂಡಿನ ಇರಲಿಲ್ಲ." ಆ ಕಿಂಡಿ ನಮಗೆ ಗೊತ್ತು. ಅಡುಗೆಮನೆಯ ಗೋಡೆಯಲ್ಲಿ, ಬೇರೆ ಕಲ್ಲಿಗೆ ಹೊಂದದ ಹಾಗೆ, ಆಮೇಲೆ ಒಡೆದು ಮಾಡಿದ್ದು ಈಗಲೂ ಇದೆ. ಅದನ್ನು ಒಡೆಸಿದವಳು ಅವ್ವ ಎಂದು ನನಗೆ ತಿಳಿದದ್ದು ಆವತ್ತು, ಐವತ್ತು ದಾಟಿದ ಮೇಲೆ.

ಹೀಗೆ ಚಿಕ್ಕದಾಗಿ, ಕಣ್ಣಿಗೆ ಕಾಣುವಂಥದ್ದನ್ನು ಕೇಳಿ. ಯಾವ ಬಾವಿಯಿಂದ ನೀರು, ದಿನಕ್ಕೆ ಎಷ್ಟು ಕೊಡ? ಅತ್ತೆ ಮನೆಯಲ್ಲಿ ಮೊದಲು ಬಡಿದ ರೊಟ್ಟಿ ಎಷ್ಟು ಮಂದಿಗೆ? ಕೈಯಲ್ಲಿ ಸ್ವಂತ ದುಡ್ಡು ಮೊದಲ ಸಲ ಬಂದದ್ದು ಯಾವುದರಿಂದ, ಅದರಲ್ಲಿ ಏನು ಕೊಂಡಳು? ದಿನಾ ಅನ್ನ ಮಾಡಲು ಶುರುವಾದದ್ದು ಯಾವಾಗ? ಸಿಟ್ಟು ಬಂದರೆ ಏನು ಮಾಡುತ್ತಿದ್ದಳು? ಯಾವ ಜಾತ್ರೆಗೆ ತಪ್ಪದೆ ಹೋಗುತ್ತಿದ್ದಳು? ಈ ಕೊನೆಯ ಪ್ರಶ್ನೆಗೆ ನಮ್ಮ ಕಡೆ ಹುಲಿಗೆಮ್ಮ, ಗವಿಮಠದ ಅಜ್ಜನ ಜಾತ್ರೆ ಎಂಬ ಉತ್ತರ ಬಂದೇ ಬರುತ್ತದೆ. ಅಲ್ಲಿಗೆ ನಿಲ್ಲಿಸದೆ, ಬಂಡಿಯಲ್ಲೋ ನಡೆದೋ, ಬುತ್ತಿಯಲ್ಲಿ ಏನು ಕಟ್ಟಿಕೊಂಡು, ಯಾವ ಹರಕೆ ಹೊತ್ತು ಎಂದು ಮುಂದುವರಿಸಿ.

ಫೋನಿನಲ್ಲಿ ದನಿ ದಾಖಲಿಸುವುದಾದರೆ ಮೊದಲು ಒಪ್ಪಿಗೆ ಕೇಳಿ. ಫ್ಯಾನು, ಟಿವಿ ಆರಿಸಿ, ಕರೆ ಬಾರದಂತೆ ಏರೋಪ್ಲೇನ್ ಮೋಡಿಗೆ ಹಾಕಿ, ಅವರ ಬಾಯಿಗೆ ಒಂದು ಮೊಳ ದೂರದಲ್ಲಿ ಮಡಚಿದ ಬಟ್ಟೆಯ ಮೇಲೆ ಇಡಿ. ಬರಿನೆಲದ ಮೇಲೆ ಇಟ್ಟರೆ ಮೊರ ಸರಿಸಿದ ಸದ್ದೇ ಮುಂದಾಗುತ್ತದೆ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ.

ಇಸವಿ ಹಿಡಿಯುವುದು

ನಮ್ಮ ಸೀಮೆಯ ಹಿರಿಯ ಹೆಣ್ಣುಮಕ್ಕಳಿಗೆ ತಾರೀಕು ಇರುವುದಿಲ್ಲ, ಆದರೆ ಆಗಿಹೋದದ್ದರ ನೆನಪು ಕರಾರುವಾಕ್ಕಾಗಿ ಇರುತ್ತದೆ. ಹಳ್ಳಿಯ ನೆನಪಿನ ಪಕ್ಕ ಊರಿಗೆಲ್ಲ ಗೊತ್ತಿರುವ ಘಟನೆಯೊಂದನ್ನು ಇಟ್ಟರೆ ಇಸವಿ ಹೊರಬರುತ್ತದೆ. ಆಧಾರ್‌ನ ಜನವರಿ 1ನ್ನು ನಂಬಬೇಡಿ. ಹುಟ್ಟಿದ ದಿನ ತಿಳಿಯದೆ ಅಂದಾಜು ವಯಸ್ಸು ಹೇಳಿದವರಿಗೆ ಹಾಕಿದ ತಾರೀಕು ಅದು.

ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳದವರಿಗೆ ಎಲ್ಲಕ್ಕಿಂತ ಗಟ್ಟಿಯಾದ ಗುರುತು ನಿಜಾಮರ ಪರವಾಗಿದ್ದ ರಜಾಕಾರರ ಪಡೆಯ ಹಾವಳಿ, ಮತ್ತು ಭಾರತದ ಸೇನೆ ಒಳಗೆ ಬಂದ 1948ರ ಸೆಪ್ಟೆಂಬರಿನ ಪೊಲೀಸ್ ಆ್ಯಕ್ಷನ್. ನಿಜಾಮರು ಸೋಲೊಪ್ಪಿದ್ದು 17ಕ್ಕೆ. ಬಳ್ಳಾರಿಯವರದು ಬೇರೆ ಲೆಕ್ಕ, ಅವರು ಮದ್ರಾಸಿನಲ್ಲಿದ್ದವರು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ವರ್ಷ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಮುನಿರಾಬಾದ್, ಹೊಸಪೇಟೆ ಕಡೆಯವರಿಗೆ "ಊರು ಮುಳುಗಿದಾಗ" ಎಂಬುದೇ ದೊಡ್ಡ ಗುರುತು. ಏಕೀಕರಣ 1956ರ ನವೆಂಬರ್ 1. ಆಮೇಲೆ 1972ರ ಬರ. 1980ರ ಫೆಬ್ರುವರಿ 16, ಶನಿವಾರ, ಮಧ್ಯಾಹ್ನವೇ ಕತ್ತಲಾದ ಖಗ್ರಾಸ ಸೂರ್ಯಗ್ರಹಣ ರಾಯಚೂರು ಸೀಮೆಯ ಮೇಲೆಯೇ ಹಾದುಹೋಗಿತ್ತು. ಸಿಂಧನೂರು ಹತ್ತಿರದ ಜವಳಗೇರಾದಲ್ಲಿ ವಿಜ್ಞಾನಿಗಳು ಬೀಡುಬಿಟ್ಟಿದ್ದರು. ಅಂದು ಬಸುರಿಯಾಗಿದ್ದವರಿಗೆ ಅದು ಮರೆಯುವುದೇ ಇಲ್ಲ, ಹೊರಗೆ ಬಿಟ್ಟಿರುವುದಿಲ್ಲ. ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ನಿಂತ ಚುನಾವಣೆ 1999. ಊರೂರಿಗೆ ನೀರು ನುಗ್ಗಿದ್ದು 2009ರ ಸೆಪ್ಟೆಂಬರ್ ಕೊನೆಗೆ.

ತಿಂಗಳಿಗೆ ಹಬ್ಬ ಕೇಳಿ. ಕಾರಹುಣ್ಣಿಮೆ ಜ್ಯೇಷ್ಠ, ಮಂಗಳವಾರದ ಗುಳ್ಳವ್ವ ಆಷಾಢ, ಪಂಚಮಿ ಶ್ರಾವಣ, ಜೋಕುಮಾರ ಭಾದ್ರಪದ, ಸೀಗಿ ಹುಣ್ಣಿಮೆ ಆಶ್ವಯುಜ, ಎಳ್ಳಮಾವಾಸ್ಯೆ ಮಾರ್ಗಶಿರ, ಭಾರತ ಹುಣ್ಣಿಮೆ ಮಾಘ. ಸಂವತ್ಸರದ ಹೆಸರು ನೆನಪಿರುವ ಮನೆಗಳಲ್ಲಿ ಕೆಲಸ ಇನ್ನೂ ಹಗುರ, ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2008-09 ಸರ್ವಧಾರಿಯಾದರೆ 1948-49 ಕೂಡ ಸರ್ವಧಾರಿ. ತವರಿನ ಹೊಲದ ಹಳೆಯ ಕಾಗದ ನಿಜಾಮರ ಕಾಲದ್ದಾದರೆ ಉರ್ದುವಿನಲ್ಲಿರುತ್ತದೆ, ಇಸವಿ ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದ ಲೆಕ್ಕದಲ್ಲಿ. ಅದಕ್ಕೆ 590 ಕೂಡಿಸಿ. ಫಸಲಿ 1357 ಅಂದರೆ 1947-48. ಓದಿಸಲು ಉರ್ದು ಬಲ್ಲ ಹಿರಿಯರೊಬ್ಬರು ಪ್ರತಿ ಊರಲ್ಲೂ ಸಿಗುತ್ತಾರೆ.

ಅವ್ವನ ಹುಟ್ಟಿದ ದಿನ ಸಿಕ್ಕಿದ್ದು ಹೀಗೆ. ರಜಾಕಾರರಿಗೆ ಅಂಜಿ ತವರಿನವರೆಲ್ಲ ರಾತ್ರೋರಾತ್ರಿ ಗಡಿ ದಾಟಿ ಗಜೇಂದ್ರಗಡದ ಕಡೆ ಹೋದಾಗ ಅವ್ವ ತಾಯಿಯ ಕಂಕುಳಲ್ಲಿದ್ದಳು. ದೊಡ್ಡವ್ವ ಆಗ ಏಳು ವರ್ಷದವಳು, ಗಂಟು ಹೊತ್ತು ನಡೆದವಳು. "ನಡ್ಯಾಕ ಬರ್ತಿತ್ತಾ ಕೂಸಿಗೆ?" ಎಂದು ಕೇಳಿದೆ. "ಇಲ್ಲ. ಆದ್ರ ಹಲ್ಲು ಬಂದಿದ್ವು. ಅಳಬಾರ್ದಂತ ನಾ ಬಾಯಿ ಮುಚ್ಚೀನಿ, ಕಡದ್ಬಿಟ್ಲು." ಹಾಗಾದರೆ ಒಂದು ವರ್ಷದ ಹತ್ತಿರಹತ್ತಿರದ ಕೂಸು. ಹುಟ್ಟಿದ್ದು ರೊಟ್ಟಿ ಹಬ್ಬದ ದಿನ ಎಂದು ಅವ್ವ ತಾನೇ ಹೇಳುತ್ತಿದ್ದಳು, ಅಂದರೆ ಪಂಚಮಿಯ ಮುಂಚೆ. 1947ರ ಶ್ರಾವಣ. ಪುಸ್ತಿಕೆಯ ಮೊದಲ ಸಾಲು ಅದೇ ಆಯಿತು, ಫ್ಲೆಕ್ಸಿನ ಖಾಲಿ ಜಾಗವೂ ತುಂಬಿತು.

ಕೌದಿ ಓದುವುದು

ಓದು ಬಾರದ ಅವ್ವಂದಿರು ಬರೆದಿಟ್ಟ ಪುಸ್ತಕ ಕೌದಿ, ಹಳೆಯ ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊದಿಕೆ. ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ದಯವಿಟ್ಟು ಅದನ್ನು ಮೊದಲು ಓದಿಸಿ, ಆಮೇಲೆ ಒಗೆಯಿರಿ. ಮುಂಜಾನೆ ನೆರಳಿನಲ್ಲಿ ಹಗ್ಗಕ್ಕೆ ನೇರವಾಗಿ ಹಾಕಿ, ಒಂದೊಂದು ತುಂಡಿಗೂ ನಂಬರಿನ ಚೀಟಿ ಸಿಕ್ಕಿಸಿ ಫೋಟೋ ತೆಗೆಯಿರಿ. ಆಮೇಲೆ ಹಿರಿಯ ಮಗಳನ್ನು ಕರೆದು ನಂಬರಿನ ಪ್ರಕಾರ ಕೇಳುತ್ತ ಹೋಗಿ.

ನಮ್ಮದರಲ್ಲಿ 61 ತುಂಡು. ನಡುವಿನದು ಅವ್ವನ ಧಾರೆಯ ಇಳಕಲ್ ಸೀರೆ. ಹಸಿರು ಹೋಗಿ ಬೂದಿ ಬಣ್ಣವಾಗಿದೆ, ಚಿಕ್ಕಿ ಪರಾಸದ ದಡಿ ಮಾತ್ರ ಇನ್ನೂ ಕೆಂಪು. ಸುತ್ತ ಅಪ್ಪನ ಧೋತರ. ಎಡಕ್ಕೆ ಅಕ್ಕನ ಶಾಲೆಯ ನೀಲಿ ಲಂಗ, ಅದರ ಪಕ್ಕ ನನ್ನ ಖಾಕಿ ಚಡ್ಡಿ, ಕಿಸೆ ಸಮೇತ. 38ನೇ ನಂಬರಿನ ತುಂಡು ಅಂಗೈಯಷ್ಟು, ಹಳದಿ, ಸಣ್ಣ ಹೂವಿನದು. ಅದರ ಸುತ್ತ ಮಾತ್ರ ಹೊಲಿಗೆ ಎರಡು ಸುತ್ತು. ಅಕ್ಕ ಅದನ್ನು ಮುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: ನನಗಿಂತ ಮುಂಚೆ ಹುಟ್ಟಿ ಮೂರು ತಿಂಗಳಿಗೆ ಹೋದ ಹೆಣ್ಣುಕೂಸಿನ ಕುಂಚಿಗೆ.

ಇಂಥದ್ದು ಬಂದಾಗ ಏನು ಮಾಡಬೇಕು ಎಂಬುದನ್ನು ಮನೆಯವರು ಕೂತು ತೀರ್ಮಾನಿಸಬೇಕು. ನಾವು ಹಾಕಿದ ವಂಶಾವಳಿಯಲ್ಲಿ ಆರೇ ಹೆಸರಿದ್ದವು. ಆ ಸಂಜೆ ಅದನ್ನು ಎಂಟು ಮಾಡಿದೆವು. ಹೆಸರಿಡುವ ಮುಂಚೆಯೇ ಹೋದ ಇನ್ನೊಂದು ಕೂಸಿಗೆ "ಗಂಡುಕೂಸು, ಹನ್ನೊಂದು ದಿನ" ಎಂದು ಬರೆದೆವು. ಅವ್ವನ ಲೆಕ್ಕದಲ್ಲಿ ನಾವು ಯಾವತ್ತೂ ಎಂಟು ಮಂದಿಯೇ ಇದ್ದೆವು. ಜಗಳ, ಸಾಲ, ಆಸ್ತಿಯ ಮಾತು ಬೇರೆ. ಅದಕ್ಕೆ ನೋವಾಗುವವರು ಬದುಕಿದ್ದರೆ ಬೇರೆ ನೋಟ್‌ಬುಕ್ಕಿನಲ್ಲಿ ಬರೆದು ಮನೆಯಲ್ಲಿಡಿ, ಅಚ್ಚು ಹಾಕಿಸಬೇಡಿ. ಆದರೆ ಅವ್ವ ಸಿಟ್ಟಾಗುತ್ತಿದ್ದಳು, ಹಟ ಮಾಡುತ್ತಿದ್ದಳು, ಒಬ್ಬ ಮಗನ ಮೇಲೆ ಪ್ರೀತಿ ಹೆಚ್ಚಿತ್ತು ಎಂಬುದನ್ನು ಮುಚ್ಚಬೇಡಿ. ಅದಿಲ್ಲದೆ ಮೊಮ್ಮಕ್ಕಳಿಗೆ ಅವಳ ಗುರುತು ಹತ್ತುವುದಿಲ್ಲ.

ಕೈಯಳತೆಯನ್ನು ತೂಕಕ್ಕೆ ತರುವುದು

ಅವಳ ಅಡುಗೆಯಲ್ಲಿ ಒಂದನ್ನಾದರೂ ಹಿಡಿದಿಡಿ. "ಒಂದ್ ಬೊಗಸಿ, ನಾಕ್ ಬೆಳ್ಳುಳ್ಳಿ, ಖಾರ ಕಣ್ಣಳತಿ" ಎಂದು ಬರೆದರೆ ಮುಂದಿನವರಿಗೆ ದಕ್ಕದು. ಅವಳ ಪಕ್ಕ ನಿಂತು ಕಲಿತವರ ಕೈಯಲ್ಲೇ ಮಾಡಿಸಿ. ಅವರು ಹಾಕಲು ಹೋದಾಗಲೆಲ್ಲ ಕೈ ತಡೆದು, ಕೈಯಲ್ಲಿದ್ದದ್ದನ್ನು ತಕ್ಕಡಿಗೆ ಸುರಿಸಿ, ತೂಗಿ, ವಾಪಸ್ ಕೊಡಿ. ಅಕ್ಕ ಶೇಂಗಾ ಹಿಂಡಿ (ಚಟ್ನಿಪುಡಿ) ಕುಟ್ಟಿದ ದಿನ ಅವಳ ಬೊಗಸೆ 140 ಗ್ರಾಂ ಬಂತು. ಮೂರು ಸಲ ಬೇರೆ ಬೇರೆಯಾಗಿ ತೂಗಿದರೂ ಐದು ಗ್ರಾಂ ಆಚೀಚೆ ಆಗಲಿಲ್ಲ. ಶೇಂಗಾ ಹುರಿಯುವಾಗ ಸಿಪ್ಪೆ ಸಿಡಿಯುವ ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಹಂಚಿನ ಮೇಲೆ ಬಿಡುವುದು, ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೊನೆಗೆ ಹಾಕುವುದು, ಒಳಕಲ್ಲಿನಲ್ಲಿ ಎಣ್ಣೆ ಬಿಡುವ ಮುಂಚೆ ನಿಲ್ಲಿಸುವುದು. ಇವು ತಕ್ಕಡಿಗೆ ಬರದ ಮಾತುಗಳು, ಪಕ್ಕದಲ್ಲಿ ಬರೆದುಕೊಳ್ಳಿ.

ಹಾಡು ಬರುತ್ತಿದ್ದರೆ ಅದೂ ಅಷ್ಟೇ. ಬೀಸುವ ಪದ, ಸೋಬಾನ, ಜೋಗುಳ ಎಷ್ಟು ಸಾಲು ಸಿಕ್ಕರೆ ಅಷ್ಟು. ಮರೆತ ಕಡೆ ಚುಕ್ಕಿ ಇಡಿ, ನೀವು ತುಂಬಬೇಡಿ.

ಬರೆಯುವುದು

ಅವಳ ಮಾತನ್ನು ಅವಳ ಮಾತಿನಲ್ಲೇ ಬರೆಯಿರಿ. "ಐತಿ" ಎಂದದ್ದು "ಇದೆ" ಆಗಬಾರದು. ನಿಮ್ಮ ಮಾತು ಪುಸ್ತಕದ ಕನ್ನಡದಲ್ಲಿ ಇರಲಿ, ಅವಳದು ಅವಳ ಬಾಯಲ್ಲಿ ಬಂದಂತೆ ಇರಲಿ. ಎಲ್ಲರೂ ಅವಳನ್ನು ಏನೆಂದು ಕರೆಯುತ್ತಿದ್ದರು ಎಂದು ಒಂದು ಪುಟ ಮಾಡಿ. ನಾವು ಅವ್ವ ಅಂದೆವು, ಮೊಮ್ಮಕ್ಕಳು ಅಮ್ಮ ಅಂದರು, ತವರಿನಲ್ಲಿ ಸಣ್ಣಾಕಿ. ಹುಟ್ಟುಹೆಸರು ಬೇರೆಯೇ ಇತ್ತು, ಮದುವೆಯಲ್ಲಿ ಬದಲಾಯಿತು. ಅವಳ ಹುಟ್ಟುಹೆಸರನ್ನು ಹದಿನಾಲ್ಕು ಮೊಮ್ಮಕ್ಕಳಲ್ಲಿ ಯಾರೂ ಕೇಳಿರಲಿಲ್ಲ. ಮುಖಪುಟದಲ್ಲಿ ಎರಡೂ ಹೆಸರು ಹಾಕಿದೆವು.

ಹೊಗಳಿಕೆಯ ಪದ ಬರೆಯಬೇಕೆನಿಸಿದಾಗ ನಿಂತು, ಅದನ್ನು ಬರೆಯುವಂತೆ ಮಾಡಿದ ದಿನ ಯಾವುದು ಎಂದು ಕೇಳಿಕೊಳ್ಳಿ. ನನ್ನ ಮೊದಲ ಕರಡಿನಲ್ಲಿ "ಬರಗಾಲದಲ್ಲಿ ಕಷ್ಟಪಟ್ಟು ನಮ್ಮನ್ನು ಸಾಕಿದಳು" ಎಂದಿತ್ತು. ನೆಗೆಣ್ಣಿಯನ್ನು ಕೇಳಿ ಬಂದ ಮೇಲೆ ಆ ಸಾಲು ಹೀಗಾಯಿತು: "1972ರ ಬರದಲ್ಲಿ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋದಳು. ಕೂಸನ್ನು ಗಿಡದ ಕೆಳಗೆ ಜೋಳಿಗೆಯಲ್ಲಿ ಮಲಗಿಸಿ, ಹಗ್ಗದ ತುದಿಯನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು, ಕಲ್ಲು ಒಡೆಯುತ್ತಲೇ ತೂಗುತ್ತಿದ್ದಳು." ಜೋಳಿಗೆಯಲ್ಲಿದ್ದ ಕೂಸು ನಾನು.

ಅಚ್ಚಿಗೆ ಕೊಡುವಾಗ

ಪುಟಗಳು ನಾಲ್ಕರ ಲೆಕ್ಕದಲ್ಲಿರಲಿ: 16, 24, 32. ಹಾಳೆ ಮಡಚಿ ನಡುವೆ ಪಿನ್ ಹೊಡೆಯುವುದರಿಂದ ಬೇರೆ ಸಂಖ್ಯೆಯಾದರೆ ಖಾಲಿ ಪುಟ ಉಳಿಯುತ್ತದೆ. ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಡಿಟಿಪಿ ಅಂಗಡಿಯಲ್ಲಿ ಅದನ್ನು ನುಡಿ ಫಾಂಟಿಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾಗ ಬಿಡುತ್ತವೆ. ಪ್ರೂಫನ್ನು ಇಬ್ಬರು ನೋಡಿ, ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟು ಹೋಗಲಿ. ಹೆಸರುಗಳನ್ನು ಬೇರೆಯಾಗಿ ಇನ್ನೊಮ್ಮೆ ನೋಡಿ.

ಹಳೆಯ ಫೋಟೋ ಚಿಕ್ಕದಾದಷ್ಟೂ ಸ್ಕ್ಯಾನ್ ದೊಡ್ಡದಿರಬೇಕು. ಪಾಸ್‌ಪೋರ್ಟ್ ಅಳತೆಯದಕ್ಕೆ 600 ಡಿಪಿಐ ಎಂದು ಹೇಳಿ. ಕಟ್ಟು ಹಾಕಿಸಿದ ಫೋಟೋ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ದನಿ, ಫೋಟೋ, ಬರಹ ಎಲ್ಲವೂ ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ಪ್ರತಿ ಬೇರೆ ಊರಿನ ಮಗಳ ಮನೆಯಲ್ಲಿ ಇರಲಿ.

ಕೊನೆಯ ಎರಡು ಪುಟಗಳನ್ನು ನಾವು ಗೆರೆ ಹಾಕಿಸಿ ಖಾಲಿ ಬಿಟ್ಟೆವು. ಇದನ್ನು ನೀವೂ ಮಾಡಿ. ಪುಣ್ಯಸ್ಮರಣೆಯ ದಿನ ಪುಸ್ತಿಕೆಯನ್ನು ಹಂಚಿ ಸುಮ್ಮನಾಗದೆ, ಓದು ಬಾರದವರಿಗಾಗಿ ಊಟಕ್ಕೆ ಮುಂಚೆ ಗಟ್ಟಿಯಾಗಿ ಓದಿ. ನಮ್ಮಲ್ಲಿ ಅಕ್ಕನ ಮಗಳು ಓದಿದಳು. ಜಲ್ಲಿ ಒಡೆದ ಪುಟ ಬಂದಾಗ ಹಿಂದಿನ ಸಾಲಿನಿಂದ ನೆಗೆಣ್ಣಿ ಕೈಯೆತ್ತಿದಳು. "ಹಗ್ಗ ಹೆಬ್ಬೆಟ್ಟಿಗೆ ಅಲ್ಲವ್ವಾ, ನಾ ಹೇಳಿದ್ದು ತಪ್ಪಾತು. ಹೆಬ್ಬೆಟ್ಟಿಗೆ ಕಟ್ಟಿಕೊಂಡಾಕಿ ನಾನು. ಆಕಿ ಮುಂಗಾಲಿಗೆ ಕಟ್ಕೊಂತಿದ್ಲು, ಕಾಲ್ಗಡಗದ ಮ್ಯಾಲ." ಖಾಲಿ ಪುಟದ ಮೊದಲ ಗೆರೆಯ ಮೇಲೆ ಅದನ್ನೇ ಬರೆದೆವು, ಕೆಳಗೆ ಅವಳ ಹೆಬ್ಬೆರಳ ಗುರುತು.